ಎರಡು ಎಕ್ಸ್‌ರೇ, ಎರಡು ಕಪ್ಪು ಗೆರೆ: ಮಗನ ಮೂಳೆ ಕೂಡುತ್ತದೆ, ಅಮ್ಮನ ಮಂಡಿ ಏಕೆ ಕೂಡುವುದಿಲ್ಲ?

ಹೈಸ್ಕೂಲ್ ಮೇಷ್ಟ್ರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತು ವರ್ಷದ ಮಗ ಕಳೆದ ವಾರ ಸೈಕಲ್ಲಿನಿಂದ ಬೀಳುವಾಗ ಅಂಗೈ ಊರಿಬಿಟ್ಟ. ಮಣಿಕಟ್ಟಿನ ಹತ್ತಿರ, ಹೆಬ್ಬೆರಳ ಕಡೆಯ ಮುಂಗೈ ಮೂಳೆ ಮುರಿಯಿತು. ಸಿಮೆಂಟ್ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದ ಸಂಜೆ ನನ್ನ ಹೆಂಡತಿ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, "ಇಲ್ಲಿ ಇನ್ನೊಂದು ಕಡೆಯೂ ಮುರಿದಿದೆಯಲ್ಲ, ಡಾಕ್ಟರು ಇದನ್ನು ನೋಡಲೇ ಇಲ್ಲವೇ?" ಎಂದು ಗಾಬರಿಯಾದಳು. ನಿಜಕ್ಕೂ ಮೂಳೆಯ ತುದಿಯನ್ನು ಅಡ್ಡಲಾಗಿ ಕೊಯ್ದಂತೆ ಒಂದು ಕಪ್ಪು ಗೆರೆ ಕಾಣುತ್ತಿತ್ತು. ಮುರಿದ ಬಿರುಕಿಗಿಂತ ಅದೇ ಸ್ಪಷ್ಟವಾಗಿತ್ತು. ಮರುದಿನ ಹೋಗಿ ಕೇಳಿದರೆ ಡಾಕ್ಟರು ನಕ್ಕು, ಅದು ಮುರಿತವಲ್ಲ, ಬೆಳವಣಿಗೆಯ ಪಟ್ಟಿ, ಈ ವಯಸ್ಸಿನ ಎಲ್ಲ ಮಕ್ಕಳಿಗೂ ಇರುತ್ತದೆ ಎಂದರು. ಆದರೆ ಬಿರುಕು ಆ ಪಟ್ಟಿಯನ್ನು ಮುಟ್ಟಿರುವುದರಿಂದ ಆರು ತಿಂಗಳ ನಂತರ ಮತ್ತೊಂದು ಎಕ್ಸ್‌ರೇ ತೆಗೆಸಲೇಬೇಕು ಎಂದೂ ಸೇರಿಸಿದರು.

ಮನೆಯಲ್ಲಿ ಅದೇ ಕವರಿನೊಳಗೆ ನಮ್ಮ ತಾಯಿಯ ಮಂಡಿಯ ಹಾಳೆಯೂ ಇದೆ. ಅವರಿಗೆ ಅರವತ್ತೆಂಟು. ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ನಡುವೆ ಇರಬೇಕಾದ ಕಪ್ಪು ಸಂದು ಒಳಮಗ್ಗುಲಲ್ಲಿ ಇಲ್ಲವೇ ಇಲ್ಲ. "ಗ್ಯಾಪ್ ಹೋಗಿದೆ, ಅದು ಮತ್ತೆ ಬರುವಂಥದ್ದಲ್ಲ" ಎಂದು ಹೇಳಿ ಕಳುಹಿಸಿದ್ದಾರೆ.

ಒಂದೇ ಮನೆ, ಒಂದೇ ಒಲೆಯ ಊಟ. ಮಗನಿಗೆ ಇರಬೇಕಾದ ಗೆರೆ ನಮ್ಮನ್ನು ಹೆದರಿಸಿತು, ತಾಯಿಗೆ ಇರಬೇಕಾದ ಗೆರೆ ಇಲ್ಲವಾಗಿದೆ. ಗಟ್ಟಿಯಾದ ಮೂಳೆ ಆರು ವಾರದಲ್ಲಿ ತಾನಾಗಿ ಕೂಡಿಕೊಳ್ಳುವುದಾದರೆ ಮೆತ್ತನೆಯ ಪದರಕ್ಕೆ ಅದು ಏಕೆ ಸಾಧ್ಯವಿಲ್ಲ? ನಾನು ಕಲಿಸುವುದು ಭೌತಶಾಸ್ತ್ರ. ತಿಳಿದವರು ಬಿಡಿಸಿ ಹೇಳಬೇಕು.

ನಿವೃತ್ತ ಅಂಗರಚನಾ ಬೋಧಕ, ದಾವಣಗೆರೆ

ಮೇಷ್ಟ್ರೇ, ನಿಮ್ಮ ಎರಡು ಹಾಳೆಗಳಲ್ಲಿರುವ ಕಪ್ಪು ಒಂದೇ ವಸ್ತು: ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್ ಎಂಬ, ಮೂಳೆಗಿಂತ ಮೆತ್ತನೆಯ ಅಂಗಾಂಶ. ಎಕ್ಸ್‌ರೇಯನ್ನು ತಡೆದು ಹಾಳೆಯಲ್ಲಿ ಬೆಳ್ಳಗೆ ಮೂಡುವುದು ಮೂಳೆಯ ಕ್ಯಾಲ್ಸಿಯಂ. ಮೃದ್ವಸ್ಥಿಯಲ್ಲಿ ಆ ಲವಣ ಇಲ್ಲದಿರುವುದರಿಂದ ಅದು ಇದ್ದರೂ ಇಲ್ಲದಂತೆ, ಬರಿಯ ಸಂದಿನಂತೆ ಕಾಣುತ್ತದೆ. ಮಗನ ಮಣಿಕಟ್ಟಿನ ಮೃದ್ವಸ್ಥಿ ಮೂಳೆಯಾಗಲೆಂದೇ ಹುಟ್ಟಿದ್ದು. ತಾಯಿಯ ಮಂಡಿಯದು ಎಂದಿಗೂ ಮೂಳೆಯಾಗದೆ ಉಳಿಯಬೇಕಾಗಿದ್ದದ್ದು. ನಿಮ್ಮ ಪ್ರಶ್ನೆಯ ಉತ್ತರವೆಲ್ಲ ಈ ವ್ಯತ್ಯಾಸದಲ್ಲಿದೆಯಾದ್ದರಿಂದ ಸ್ವಲ್ಪ ಹಿಂದಿನಿಂದ ಬರುತ್ತೇನೆ.

ಗರ್ಭದಲ್ಲಿ ಕೈಕಾಲುಗಳು ಇನ್ನೂ ಮೊಗ್ಗಿನಂತಿರುವಾಗ ಅವುಗಳೊಳಗೆ ಜೀವಕೋಶಗಳು ಒತ್ತಾಗಿ ಗುಂಪುಗೂಡಿ, ಮುಂದೆ ಬರಬೇಕಾದ ಮೂಳೆಯ ಅಚ್ಚನ್ನು ಮೊದಲು ಮೃದ್ವಸ್ಥಿಯಲ್ಲಿ ತಯಾರಿಸುತ್ತವೆ. ಏಳೆಂಟನೆಯ ವಾರದ ಹೊತ್ತಿಗೆ ತೊಡೆಮೂಳೆಯಂಥ ಉದ್ದ ಮೂಳೆಗಳ ನಡುಭಾಗಕ್ಕೆ ರಕ್ತನಾಳಗಳು ನುಗ್ಗುತ್ತವೆ. ಅವುಗಳ ಜೊತೆ ಬಂದ ಕೋಶಗಳು ಅಚ್ಚನ್ನು ಕೆರೆದು ತೆಗೆಯುತ್ತ ಅದರ ಜಾಗದಲ್ಲಿ ಮೂಳೆಯನ್ನು ಕಟ್ಟಲು ತೊಡಗುತ್ತವೆ. ನಮ್ಮ ಗಾರೆಯವರು ಸೆಂಟ್ರಿಂಗ್ ಹೊಡೆದು, ಕಾಂಕ್ರೀಟ್ ಹಾಕಿ, ಆಮೇಲೆ ಹಲಗೆ ಬಿಚ್ಚುವುದಿಲ್ಲವೇ, ಹಾಗೆಯೇ. ಹೋಲಿಕೆ ಒಂದು ಕಡೆ ಮಾತ್ರ ತಪ್ಪುತ್ತದೆ: ಮೃದ್ವಸ್ಥಿಯ ಕೋಶಗಳೆಲ್ಲ ಕೆಲಸ ಮುಗಿಸಿ ಸಾಯುತ್ತವೆ ಎಂದು ನಾನು ಮೂವತ್ತು ವರ್ಷ ಪಾಠ ಹೇಳಿದ್ದೆ. ಅವುಗಳಲ್ಲಿ ಕೆಲವು ಸಾಯದೆ ತಾವೇ ಮೂಳೆ ಕಟ್ಟುವ ಕೋಶಗಳಾಗಿ ಮಾರ್ಪಡುತ್ತವೆ ಎಂಬುದನ್ನು 2014ರಲ್ಲಿ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿದವು. ಈ ಹಲಗೆಗಳಲ್ಲಿ ಕೆಲವು ಕಾಂಕ್ರೀಟಿನ ಮೇಸ್ತ್ರಿಗಳೇ ಆಗಿಬಿಡುತ್ತವೆ ಎನ್ನಬೇಕು.

ತಲೆಬುರುಡೆಯ ಚಪ್ಪಟೆ ಮೂಳೆಗಳಿಗೆ ಮಾತ್ರ ಈ ಅಚ್ಚಿನ ಹಂಗಿಲ್ಲ. ಅವು ತೆಳು ಪೊರೆಯಲ್ಲಿ ನೇರವಾಗಿಯೇ ಮೂಳೆಯಾಗುತ್ತವೆ. ಅಜ್ಜಿಯರು ಎಣ್ಣೆ ಒತ್ತುವ ಕೂಸಿನ ಮೆತ್ತನೆಯ ನೆತ್ತಿ, ಆ ಮೂಳೆಗಳು ಒಂದನ್ನೊಂದು ಇನ್ನೂ ಮುಟ್ಟದ ಜಾಗ. ಸಾಮಾನ್ಯವಾಗಿ ಒಂದೂವರೆ ವರ್ಷದ ಹೊತ್ತಿಗೆ ಅದು ಮುಚ್ಚುತ್ತದೆ.

ಇನ್ನು ಉದ್ದ ಬೆಳೆಯುವ ಮಾತು. ಮೂಳೆ ರಬ್ಬರಿನಂತೆ ಎಲ್ಲೆಡೆಯೂ ಹಿಗ್ಗುವುದಿಲ್ಲ. ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಕೋಳಿಮರಿಯೊಂದರ ಕಾಲಿನ ಮೂಳೆಗೆ ಅರ್ಧ ಇಂಚು ಅಂತರದಲ್ಲಿ ಎರಡು ಸಣ್ಣ ತೂತು ಕೊರೆದು ಬಿಟ್ಟ. ಎರಡು ತಿಂಗಳ ನಂತರ ಮೂಳೆ ಒಂದು ಇಂಚು ಬೆಳೆದಿತ್ತು, ತೂತುಗಳ ನಡುವಿನ ಅಂತರ ಮಾತ್ರ ಇದ್ದಷ್ಟೇ ಇತ್ತು. ಅವನು ಇದನ್ನು ಪ್ರಕಟಿಸಿದ್ದು 1727ರಲ್ಲಿ. ಬೇವಿನ ಮರಕ್ಕೆ ಹೊಡೆದ ಮೊಳೆ ಎಷ್ಟು ವರ್ಷವಾದರೂ ಅದೇ ಎತ್ತರದಲ್ಲಿರುವಂತೆ ಮೂಳೆಯ ನಡುಭಾಗ ನಿಂತಲ್ಲೇ ನಿಂತಿರುತ್ತದೆ, ಬೆಳವಣಿಗೆ ನಡೆಯುವುದು ತುದಿಗಳಲ್ಲಿ. ನಿಮ್ಮ ಮನೆಯವರು ಕಂಡ ಕಪ್ಪು ಗೆರೆ ಆ ಕೆಲಸ ನಡೆಯುವ ಜಾಗ.

ಸೂಕ್ಷ್ಮದರ್ಶಕದಲ್ಲಿ ಅದು ನೋಡಲು ಬಹಳ ಚಂದ. ಚಪ್ಪಟೆ ಕೋಶಗಳು ಒಡೆದು ಎರಡಾಗುತ್ತ, ರೊಟ್ಟಿಗಳನ್ನು ಒಂದರ ಮೇಲೊಂದು ಅಡುಕಿದಂತೆ ಸಾಲುಗಟ್ಟುತ್ತವೆ. ಸಾಲಿನ ಬುಡದಲ್ಲಿರುವವು ಹೆಂಚಿನ ಮೇಲಿನ ರೊಟ್ಟಿಯಂತೆ ಉಬ್ಬುತ್ತವೆ. ಉದ್ದ ಹೆಚ್ಚುವುದರಲ್ಲಿ ದೊಡ್ಡ ಪಾಲು ಕೋಶಗಳ ಸಂಖ್ಯೆಯದಲ್ಲ, ಈ ಉಬ್ಬುವಿಕೆಯದು. ಉಬ್ಬಿದ ಕೋಶ ತನ್ನ ಸುತ್ತ ಸುಣ್ಣದ ಲವಣವನ್ನು ಕೂಡಿಸಿಕೊಂಡು ರಕ್ತನಾಳಗಳನ್ನು ಕರೆಯುವ ರಾಸಾಯನಿಕವನ್ನು ಹೊರಬಿಡುತ್ತದೆ. ರಕ್ತ ಬಂದ ಕಡೆ ಮೂಳೆ ಬರುತ್ತದೆ. ತೊಡೆಮೂಳೆಯ ಮಂಡಿ ಕಡೆಯ ಪಟ್ಟಿ ವರ್ಷಕ್ಕೆ ಸುಮಾರು 9 ಮಿಲಿಮೀಟರ್ ಉದ್ದ ಕೊಡುತ್ತದೆ. ನಿಮ್ಮ ಮಗನ ಮುರಿದ ಮೂಳೆಯ ಬೆಳವಣಿಗೆಯಲ್ಲಿ ನಾಲ್ಕರಲ್ಲಿ ಮೂರು ಪಾಲು ಮಣಿಕಟ್ಟಿನ ಪಟ್ಟಿಯಿಂದಲೇ ಆಗಬೇಕು. ಡಾಕ್ಟರು ಮತ್ತೆ ಬನ್ನಿ ಎಂದದ್ದು ಅದಕ್ಕೇ.

ಕುರಿಹಟ್ಟಿ, ಚಳ್ಳಕೆರೆ

ಬೋಧಕರು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ನಾವು ಅಡುಗೆಮನೆಯಲ್ಲಿಯೇ ಕಾಣುತ್ತೇವೆ. ಎಳೆಯ ಮರಿಯ ಕಾಲನ್ನು ಸೂಪಿಗೆ ಹಾಕಿ ಚೆನ್ನಾಗಿ ಬೇಯಿಸಿದರೆ ಮೂಳೆಯ ತುದಿ ಟೊಪ್ಪಿಯಂತೆ ಕಳಚಿ ಕೈಗೆ ಬರುತ್ತದೆ. ಕಳಚಿದ ಎರಡೂ ಮುಖಗಳು ನುಣುಪಾಗಿರುವುದಿಲ್ಲ. ಏರುತಗ್ಗುಗಳು ಒಂದಕ್ಕೊಂದು ಹಲ್ಲು ಕಚ್ಚಿದಂತೆ ಸರಿಯಾಗಿ ಕೂರುತ್ತವೆ. ವಯಸ್ಸಾದ ಕುರಿಯ ಕಾಲನ್ನು ಎಷ್ಟು ಹೊತ್ತು ಬೇಯಿಸಿದರೂ ಆ ಟೊಪ್ಪಿ ಬರುವುದಿಲ್ಲ. ಮಾಂಸ ಮಾರುವವರು ಮರಿ ಯಾವುದು, ಬಲಿತ ಕುರಿ ಯಾವುದು ಎಂದು ಗೊರಸಿನ ಮೇಲಿನ ಗೆಣ್ಣನ್ನು ಮುರಿದು ಹೇಳುವುದೂ ಇದೇ ಗುಟ್ಟಿನಿಂದ. ಮರಿಯದಾದರೆ ಕೀಲಿನ ಮೇಲುಗಡೆ, ಈ ಪಟ್ಟಿಯ ಜಾಗದಲ್ಲಿ, ಕೆಂಪು ಹಲ್ಲುಗಳಂಥ ಅಂಚು ಬಿಟ್ಟು ಬಿರಿಯುತ್ತದೆ. ಬಲಿತದ್ದಾದರೆ ಅಲ್ಲಿ ಬಿರಿಯದೆ ಕೀಲಿನಲ್ಲೇ ಬಿಡಿಸಬೇಕಾಗುತ್ತದೆ.

ಇನ್ನೊಂದನ್ನೂ ನೋಡಬಹುದು. ಅದೇ ಮೂಳೆಯ ಕೀಲಿನ ತುದಿಯಲ್ಲಿ ಮುತ್ತಿನ ಬಣ್ಣದ, ನೀಲಿ ಹೊಳಪಿನ ನುಣುಪು ಪದರವಿರುತ್ತದೆ. ಹಸಿಯಾಗಿದ್ದಾಗ ಉಗುರಿನಿಂದ ಒತ್ತಿದರೆ ಕೊಂಚ ತಗ್ಗಿ ಮತ್ತೆ ಮೇಲೇಳುತ್ತದೆ. ಮೇಷ್ಟ್ರ ತಾಯಿಯ ಮಂಡಿಯಲ್ಲಿ ಸವೆದಿರುವುದು ಅದೇ ಪದರವಿರಬೇಕು. ನಮ್ಮ ಹಟ್ಟಿಯಲ್ಲಿ ಹದಿನೈದು ವರ್ಷದಿಂದ ಕುರಿ ಸಾಕುತ್ತಿದ್ದೇವೆ. ಕಾಲು ಮುರಿದ ಕುರಿಗೆ ಬಿದಿರಿನ ದಬ್ಬೆ ಕಟ್ಟಿ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹಿಂಡಿನೊಂದಿಗೆ ಮೇಯಲು ಹೊರಟುಬಿಡುತ್ತದೆ. ಕೀಲು ಕೆಟ್ಟ ಕುರಿ ಮಾತ್ರ ಕುಂಟುತ್ತಲೇ ಉಳಿಯುತ್ತದೆ.

ಹೈಸ್ಕೂಲ್ ಮೇಷ್ಟ್ರು, ದಾವಣಗೆರೆ

ನಮ್ಮದು ಸಸ್ಯಾಹಾರಿ ಮನೆ. ಆ ಟೊಪ್ಪಿಯನ್ನು ಕಲ್ಪನೆಯಲ್ಲೇ ಕಳಚಿ ನೋಡಿದೆ. ಈಗ ನನ್ನ ಪ್ರಶ್ನೆ ಇನ್ನಷ್ಟು ಮೊನಚಾಯಿತು. ಮೂಳೆಯನ್ನು ಹುಟ್ಟಿಸುವುದೇ ಮೃದ್ವಸ್ಥಿ ಎಂದಾದ ಮೇಲೆ, ಹಡೆದ ತಾಯಿಗೆ ತನ್ನ ಗಾಯವನ್ನು ಮಾಯಿಸಿಕೊಳ್ಳಲು ಬರುವುದಿಲ್ಲ, ಮಗುವಿಗೆ ಬರುತ್ತದೆ ಎಂದಂತಾಯಿತಲ್ಲ?

ನಿವೃತ್ತ ಅಂಗರಚನಾ ಬೋಧಕ, ದಾವಣಗೆರೆ

ಸರಿಯಾಗಿಯೇ ಹಿಡಿದಿರಿ. ಮೊದಲು ಮಗುವಿನ ಕಥೆಯನ್ನು ಮುಗಿಸುತ್ತೇನೆ, ತಾಯಿಯದನ್ನು ದಿನವೂ ಮಂಡಿ ನೋಡುವವರು ಯಾರಾದರೂ ಹೇಳಲಿ.

ಮೂಳೆ ಮುರಿದಾಗ ಅದರೊಳಗಿನ ರಕ್ತನಾಳಗಳೂ ಹರಿಯುತ್ತವೆ, ಸುತ್ತ ರಕ್ತ ಹೆಪ್ಪುಗಟ್ಟುತ್ತದೆ. ಇದು ಕೆಟ್ಟ ರಕ್ತ, ಹಿಂಡಿ ತೆಗೆಯಬೇಕು ಎಂಬ ಭಾವನೆ ಜನರಲ್ಲಿದೆ. ವಾಸ್ತವವಾಗಿ ಆ ಹೆಪ್ಪೇ ರಿಪೇರಿಯ ಮೊದಲ ಮೆಟ್ಟಿಲು. ಅದನ್ನು ತೆಗೆದುಹಾಕಿದರೆ ಕೂಡುವುದು ತಡವಾಗುತ್ತದೆ. ಹೆಪ್ಪಿನೊಳಗೆ ಉರಿಯೂತದ ಕೋಶಗಳು ಬರುತ್ತವೆ, ಅವು ಕರೆದ ಕಡೆಗೆ ಮೂಳೆಯ ಮೇಲ್ಪೊರೆಯಿಂದಲೂ ಮಜ್ಜೆಯಿಂದಲೂ, ಬೇರೆ ಬಗೆಯ ಕೋಶಗಳಾಗಿ ಮಾರ್ಪಡಬಲ್ಲ ಮೂಲಕೋಶಗಳು ಬರುತ್ತವೆ. ಹೊರಗಿನ ಅಂಚಿನಲ್ಲಿ, ರಕ್ತ ಚೆನ್ನಾಗಿರುವ ಕಡೆ, ಅವು ನೇರವಾಗಿ ಮೂಳೆಯನ್ನೇ ಕಟ್ಟುತ್ತವೆ. ನಡುವೆ, ಮುರಿದ ತುದಿಗಳು ಇನ್ನೂ ಅಲುಗಾಡುತ್ತಿರುವ ಜಾಗದಲ್ಲಿ, ಮೂಳೆಯ ಬದಲು ಮೃದ್ವಸ್ಥಿಯನ್ನು ತಯಾರಿಸುತ್ತವೆ. ಗರ್ಭದಲ್ಲಿ ಆಡಿದ ಆಟವನ್ನೇ ದೇಹ ಎರಡನೆಯ ಸಲ ಆಡುತ್ತದೆ.

ಏಕೆ ಹೀಗೆ ಸುತ್ತುಬಳಸಿ ಹೋಗಬೇಕು? ನೀವು ಭೌತಶಾಸ್ತ್ರದವರು, ಇದು ನಿಮಗೆ ಹಿಡಿಸುತ್ತದೆ. ಒಂದು ಸಂದಿನ ಅಗಲ ಅಲುಗಾಟದಿಂದ ಎಷ್ಟು ಪಾಲು ಹಿಗ್ಗುತ್ತದೆ ಎಂದು ಲೆಕ್ಕ ಹಾಕಿ. ಮೂಳೆ ನೂರಕ್ಕೆ ಎರಡು ಪಾಲು ಎಳೆತವನ್ನಷ್ಟೇ ತಾಳುತ್ತದೆ, ಅದನ್ನು ಮೀರಿದರೆ ಒಡೆಯುತ್ತದೆ. ಮೃದ್ವಸ್ಥಿ ನೂರಕ್ಕೆ ಹತ್ತನ್ನು ತಾಳುತ್ತದೆ. ಹೆಪ್ಪಿನಿಂದ ಮೊದಲು ಹುಟ್ಟುವ ಮೆದು ಅಂಗಾಂಶವಂತೂ ತನ್ನ ಅಳತೆಯ ಇಮ್ಮಡಿಯವರೆಗೂ ಎಳೆಸಿಕೊಳ್ಳಬಲ್ಲದು. ಹೀಗೆ ಮೊದಲು ಮೆದು ಅಂಗಾಂಶ ಬಂದು ಅಲುಗಾಟವನ್ನು ಒಂದಿಷ್ಟು ತಗ್ಗಿಸುತ್ತದೆ, ಆ ತಗ್ಗಿದ ಅಲುಗಾಟದಲ್ಲಿ ಮೃದ್ವಸ್ಥಿ ಬದುಕುತ್ತದೆ, ಅದು ಇನ್ನಷ್ಟು ತಗ್ಗಿಸಿದ ಮೇಲೆಯೇ ಮೂಳೆ ಕಾಲಿಡಲು ಸಾಧ್ಯ. ಮೃದ್ವಸ್ಥಿಗೆ ಆಮ್ಲಜನಕ ಕಡಿಮೆಯಿದ್ದರೂ ನಡೆಯುತ್ತದೆ, ಹರಿದ ರಕ್ತನಾಳಗಳ ನಡುವೆ ಅದೂ ಅನುಕೂಲವೇ. ಸಿಮೆಂಟ್ ಪಟ್ಟಿ ಮೂಳೆಯನ್ನು ಕೂಡಿಸುವುದಿಲ್ಲ, ಈ ಸರದಿ ಮುಂದುವರಿಯುವಷ್ಟು ಅಲುಗಾಟವನ್ನು ಹದದಲ್ಲಿಡುತ್ತದೆ. ಪ್ಲೇಟು ಮತ್ತು ಸ್ಕ್ರೂ ಹಾಕಿ ತುದಿಗಳನ್ನು ಬಿಗಿಯಾಗಿ ಒತ್ತಿದರೆ ಅಲುಗಾಟ ಇಲ್ಲವೆನ್ನುವಷ್ಟು ಕಡಿಮೆಯಾಗಿ, ಮೃದ್ವಸ್ಥಿಯ ಹಂತವೇ ಇಲ್ಲದೆ ಮೂಳೆ ನೇರವಾಗಿ ಕೂಡುತ್ತದೆ. ಅಂಥವರ ಎಕ್ಸ್‌ರೇಯಲ್ಲಿ ಮುರಿದ ಜಾಗದ ಸುತ್ತ ಗಡ್ಡೆ ಕಾಣದಿದ್ದರೆ ಕೂಡಿಲ್ಲವೆಂದು ಕಂಗಾಲಾಗಬೇಕಿಲ್ಲ.

ಆ ಗಡ್ಡೆಗೆ ಕ್ಯಾಲಸ್ ಎನ್ನುತ್ತಾರೆ. ನಿಮ್ಮ ಮಗನಿಗೂ ಅದು ಬರುತ್ತದೆ, ಕೈ ಮುಟ್ಟಿದರೆ ಗಟ್ಟಿ ಉಬ್ಬು ಸಿಗಬಹುದು. ಆಮೇಲೆ ಎರಡು ಬಗೆಯ ಕೋಶಗಳು ಅದನ್ನು ವರ್ಷಗಟ್ಟಲೆ ತಿದ್ದುತ್ತವೆ: ಮೂಳೆಯನ್ನು ಕರಗಿಸುವ ಆಸ್ಟಿಯೋಕ್ಲಾಸ್ಟ್, ಕಟ್ಟುವ ಆಸ್ಟಿಯೋಬ್ಲಾಸ್ಟ್. ಮೊದಲನೆಯದು ಹುಟ್ಟಿನಿಂದ ರಕ್ತದ ಬಿಳಿಕೋಶಗಳ ವಂಶಕ್ಕೆ ಸೇರಿದ್ದು, ಮೂಳೆಯ ವಂಶದ್ದಲ್ಲ. ಎಲ್ಲಿ ಕರಗಿಸಬೇಕು, ಎಲ್ಲಿ ಕಟ್ಟಬೇಕು ಎಂದು ಹೇಳುವವು ಮೂಳೆಯೊಳಗೇ ಹುದುಗಿ ಕುಳಿತು ಭಾರವನ್ನು ಗ್ರಹಿಸುವ ಆಸ್ಟಿಯೋಸೈಟ್‌ಗಳು. ಮೂಳೆಯ ಕೋಶಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇವೇ. ಭಾರ ಬೀಳುವ ಕಡೆ ಮೂಳೆ ದಪ್ಪವಾಗುತ್ತದೆ, ಬೀಳದ ಕಡೆ ಕರಗುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲಿಯೇ ಬರೆದ. ಚರ್ಮದ ಗಾಯ ಕಲೆ ಬಿಡುತ್ತದೆ. ಮೂಳೆಯ ಗಾಯ ಮೂಳೆಯಾಗಿಯೇ ಮಾಯುತ್ತದೆ. ಮಕ್ಕಳಲ್ಲಿ, ಅದರಲ್ಲೂ ಮಣಿಕಟ್ಟಿನ ಬಳಿ, ಸ್ವಲ್ಪ ಬಾಗಿ ಕೂಡಿದ್ದರೂ ಬೆಳೆಯುತ್ತ ನೆಟ್ಟಗಾಗುತ್ತದೆ. ತಿರುಚಿ ಕೂಡಿದ್ದು ಮಾತ್ರ ತಿರುಚಿಯೇ ಉಳಿಯುತ್ತದೆ.

ನಾಟಿ ಕಟ್ಟಿನ ಮನೆತನ, ಹೊಸದುರ್ಗ

ನಮ್ಮ ತಾತ ಮೊಟ್ಟೆಯ ಬಿಳಿ ಮತ್ತು ಉದ್ದಿನ ಹಿಟ್ಟು ಕಲಸಿ, ಬಟ್ಟೆ ಸುತ್ತಿ, ದಬ್ಬೆ ಕಟ್ಟಿ ನೂರಾರು ಜನರ ಕೈಕಾಲು ಸರಿಪಡಿಸಿದವರು. ಬೋಧಕರ ಮಾತನ್ನು ಓದಿದ ಮೇಲೆ ಅವರ ಕಟ್ಟು ಏಕೆ ಕೆಲಸ ಮಾಡುತ್ತಿತ್ತು ಎಂದು ನನಗೆ ಅರ್ಥವಾಯಿತು: ಒಣಗಿ ಗಟ್ಟಿಯಾದ ಆ ಲೇಪವೂ ಅಲುಗಾಟವನ್ನೇ ತಡೆಯುತ್ತಿತ್ತು, ಕೂಡಿಸುವ ಕೆಲಸವನ್ನು ಮೂಳೆಯೇ ಮಾಡಿಕೊಳ್ಳುತ್ತಿತ್ತು. ನಾಟಿ ವೈದ್ಯವನ್ನು ಸಾರಾಸಗಟಾಗಿ ಹೀಗಳೆಯುವುದು ನನಗೆ ಒಪ್ಪಿಗೆಯಿಲ್ಲ. ಎರಡು ದಿನಕ್ಕೊಮ್ಮೆ ಬಂದು ಬೆರಳು ತೋರಿಸಬೇಕು ಎಂದು ತಾತ ಕಟ್ಟುನಿಟ್ಟಾಗಿ ಹೇಳುತ್ತಿದ್ದರು. ಇಂದು ಆ ಮಾತನ್ನು ಹೇಳುವವರು ಕಡಿಮೆ.

ಹೊಳಲ್ಕೆರೆಯ ತಾಯಿ

ಆ ಮಾತನ್ನು ಹೇಳದವರೊಬ್ಬರ ಬಳಿ ನಾವು ಹೋಗಿದ್ದೆವು. ಮಗಳಿಗೆ ಆಗ ಆರು ವರ್ಷ, ಮೊಣಕೈಯ ಮೇಲೆ ಮುರಿದಿತ್ತು. ಬಿಗಿಯಾಗಿ ಕಟ್ಟಿ ಕಳುಹಿಸಿದರು. ರಾತ್ರಿಯಿಡೀ ಅತ್ತಳು, ಮೂಳೆ ಮುರಿದರೆ ನೋವಿರುತ್ತದೆ ಎಂದು ನಾವೇ ಸಮಾಧಾನ ಹೇಳಿದೆವು. ಬೆಳಿಗ್ಗೆ ಬೆರಳುಗಳು ಊದಿ, ತಣ್ಣಗಾಗಿ, ಬಿಡಿಸಲು ಹೋದರೆ ಚೀರುತ್ತಿದ್ದಳು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ತಡವಾಗಿತ್ತು. ಬಿಗಿತದಿಂದ ಮಾಂಸಖಂಡಕ್ಕೆ ರಕ್ತ ನಿಂತರೆ ಆರೆಂಟು ಗಂಟೆಗಳಲ್ಲಿ ಅದು ಸಾಯತೊಡಗುತ್ತದೆ ಎಂದು ಅಲ್ಲಿ ತಿಳಿಸಿದರು. ಮೂಳೆ ಚೆನ್ನಾಗಿಯೇ ಕೂಡಿತು. ಮೂರು ಬೆರಳು ಇಂದಿಗೂ ಪೂರ್ತಿ ನೆಟ್ಟಗಾಗುವುದಿಲ್ಲ. ಮೇಷ್ಟ್ರೇ, ಸಿಮೆಂಟ್ ಪಟ್ಟಿಯಲ್ಲಿಯೂ ಇದು ಆಗಬಹುದು. ಹುಡುಗನ ಬೆರಳುಗಳನ್ನು ದಿನಕ್ಕೆ ನಾಲ್ಕು ಸಲ ಬಿಡಿಸಿ ನೋಡಿರಿ.

ಫಿಸಿಯೋಥೆರಪಿ, ಚಿತ್ರದುರ್ಗ

ಮೇಲಿನ ತಾಯಿಯ ಮಾತನ್ನು ಪಟ್ಟಿ ಹಾಕಿಸಿಕೊಂಡ ಪ್ರತಿಯೊಬ್ಬರೂ ಓದಬೇಕು. ನಾನು ಮಂಡಿಯ ವಿಷಯಕ್ಕೆ ಬರುತ್ತೇನೆ.

ನಮ್ಮಲ್ಲಿಗೆ ಬರುವ ಹಿರಿಯರು "ಗ್ಯಾಪ್ ಬಂದಿದೆ" ಎನ್ನುತ್ತಾರೆ, ಇಲ್ಲವೇ "ಗ್ರೀಸ್ ಕಮ್ಮಿಯಾಗಿದೆ" ಎನ್ನುತ್ತಾರೆ. ಗ್ಯಾಪ್ ಬಂದಿರುವುದಲ್ಲ, ಹೋಗಿರುವುದು. ಕಡಿಮೆಯಾಗಿರುವುದು ಗ್ರೀಸಲ್ಲ, ಕುರಿಹಟ್ಟಿಯವರು ಹೇಳಿದ ಆ ನೀಲಿ ಹೊಳಪಿನ ಪದರ. ಅದರ ದಪ್ಪ ಹೆಚ್ಚಿನ ಕಡೆ 2ರಿಂದ 4 ಮಿಲಿಮೀಟರ್ ಅಷ್ಟೇ. ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರು. ಆ ನೀರನ್ನು ಹಿಡಿದಿಡುವ ದೊಡ್ಡ ಅಣುಗಳು, ಅವು ಹರಡಿಹೋಗದಂತೆ ಬಿಗಿದಿರುವ ಕೊಲಾಜೆನ್ ನಾರಿನ ಬಲೆ. ಜೀವಕೋಶಗಳು ಗಾತ್ರದಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ, ಅವೂ ಒಂದೊಂದು ಗೂಡಿನಲ್ಲಿ ಒಂಟಿಯಾಗಿ ಕುಳಿತಿರುತ್ತವೆ. ಅದರಲ್ಲಿ ರಕ್ತನಾಳವಿಲ್ಲ, ನರವಿಲ್ಲ. ನರವಿಲ್ಲದ್ದರಿಂದ ಸವೆಯತೊಡಗಿದಾಗ ನೋವೇ ತಿಳಿಯುವುದಿಲ್ಲ. ಪದರ ಮುಗಿದು ಕೆಳಗಿನ ಮೂಳೆಯೂ ಸುತ್ತಲ ಪೊರೆಯೂ ಗೋಳಿಡುವ ಹೊತ್ತಿಗೆ ನಾವು ಎಕ್ಸ್‌ರೇಗೆ ಹೋಗುತ್ತೇವೆ.

ಈಗ ಮೇಷ್ಟ್ರ ಪ್ರಶ್ನೆ. ಮೂಳೆಯ ರಿಪೇರಿ ಆರಂಭವಾಗುವುದು ಹೆಪ್ಪುಗಟ್ಟಿದ ರಕ್ತದಿಂದ ಎಂದು ಬೋಧಕರು ಹೇಳಿದರು. ಈ ಪದರ ಹರಿದಾಗ ರಕ್ತವೇ ಬರುವುದಿಲ್ಲ. ಹೆಪ್ಪಿಲ್ಲ, ಉರಿಯೂತದ ಕೋಶಗಳ ಕರೆಯಿಲ್ಲ, ಮೂಲಕೋಶಗಳಿಗೆ ಬರಲು ದಾರಿಯಿಲ್ಲ, ಗೂಡಿನಲ್ಲಿರುವ ಕೋಶ ಬಿಟ್ಟು ಹೊರಡುವುದೂ ಇಲ್ಲ. ಮುರಿತದ ಜಾಗದಲ್ಲಿ ಹುಟ್ಟುವ ಮೃದ್ವಸ್ಥಿ ರಕ್ತ ತಂದ ಕೋಶಗಳಿಂದ ಹೊಸದಾಗಿ ಹುಟ್ಟಿದ್ದು, ಕೆಲವು ವಾರ ಬದುಕಿದರೆ ಸಾಕು. ಮಂಡಿಯದು ಬೆಳವಣಿಗೆಯ ಕಾಲದಲ್ಲಿ ನೇಯ್ದಿಟ್ಟದ್ದು. ವಯಸ್ಕರಲ್ಲಿ ಅದರ ಕೊಲಾಜೆನ್ ಬಲೆ ಹೊಸದಾಗುವುದು ಇಲ್ಲವೆನ್ನುವಷ್ಟು ನಿಧಾನ. ಕೆಟ್ಟ ಮೃದ್ವಸ್ಥಿ ಮತ್ತೆ ಬರುವುದಿಲ್ಲ ಎಂಬ ಅರ್ಥದ ಮಾತನ್ನು ಸ್ಕಾಟ್ಲೆಂಡಿನ ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲಿ ಬರೆದ, ಇಂದಿಗೂ ಅದು ಹೆಚ್ಚುಕಡಿಮೆ ನಿಂತಿದೆ. ಕೆಳಗಿನ ಮೂಳೆಗೆ ಸಣ್ಣ ತೂತು ಹೊಡೆದು ರಕ್ತವನ್ನು ಮೇಲಕ್ಕೆ ಬರಿಸುವ ಶಸ್ತ್ರಚಿಕಿತ್ಸೆಯೊಂದಿದೆ. ಹಾಗೆ ಹುಟ್ಟುವುದು ಕಿವಿಯಂಥದೂ ಅಲ್ಲ, ಕೀಲಿನಂಥದೂ ಅಲ್ಲ, ಒರಟು ನಾರಿನ ಮೃದ್ವಸ್ಥಿ. ರೋಗಿಯದೇ ಕೋಶಗಳನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ ಮಂಡಿಯೊಳಗೆ ಕೂಡಿಸುವ ವಿಧಾನವನ್ನು ಸ್ವೀಡನ್ನಿನ ವೈದ್ಯರು 1994ರಲ್ಲಿ ಪ್ರಕಟಿಸಿದರು. ಅದು ಯುವಕರ ಸಣ್ಣ ಗಾಯಕ್ಕೆ ಸಲ್ಲುವಂಥದ್ದು, ಪೂರ್ತಿ ಸವೆದ ಮಂಡಿಗಲ್ಲ. ಮಂಡಿ ನೋವಿಗೆಂದು ಮಾರುವ ಗ್ಲುಕೋಸಮಿನ್ ಡಬ್ಬಿಗಳ ಬಗ್ಗೆ ಕೇಳುವವರಿಗೆ: 2006ರ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ಒಟ್ಟಾರೆ ರೋಗಿಗಳಿಗೆ ಅದು ಬರಿಯ ಸಕ್ಕರೆ ಗುಳಿಗೆಗಿಂತ ಹೆಚ್ಚಿನದನ್ನು ಮಾಡಲಿಲ್ಲ.

ಹಾಗೆಂದು ಮೇಷ್ಟ್ರ ತಾಯಿ ಮೂಲೆ ಹಿಡಿಯಬಾರದು. ರಕ್ತವಿಲ್ಲದ ಈ ಪದರ ಉಣ್ಣುವುದು ಕೀಲಿನ ದ್ರವದಿಂದ, ಅದು ಒಳಗೆ ಹೋಗುವುದು ಒತ್ತಿ ಬಿಟ್ಟಾಗ, ಒದ್ದೆ ಬಟ್ಟೆಯನ್ನು ಹಿಂಡಿ ಮತ್ತೆ ನೀರಿಗೆ ಅದ್ದಿದ ಹಾಗೆ. ನಡೆಯದ ಮಂಡಿಯಲ್ಲಿ ಉಳಿದ ಪದರವೂ ತೆಳುವಾಗುತ್ತದೆ. ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವ ವ್ಯಾಯಾಮ, ಸಮತಟ್ಟಾದ ನೆಲದ ಮೇಲೆ ನಡಿಗೆ, ಕುಕ್ಕರಗಾಲಿನಲ್ಲಿ ಕೂರದಿರುವುದು, ಇಷ್ಟು ಸಾಕು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಲಾರಿ ಮನೆ, ಹಿರಿಯೂರು

ಮೂಳೆ ಕೂಡುವುದಷ್ಟೇ ಅಲ್ಲ, ಬೇಕೆಂದಷ್ಟು ಉದ್ದವನ್ನೂ ಕೊಡುತ್ತದೆ ಎಂಬುದನ್ನು ನಾನು ನಮ್ಮಣ್ಣನ ಕಾಲಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಹೆದ್ದಾರಿಯಲ್ಲಿ ಅವನ ಲಾರಿಗೆ ಅಪಘಾತವಾಗಿ ಕೆಳಗಾಲಿನ ಮೂಳೆಯ ನಾಲ್ಕು ಸೆಂಟಿಮೀಟರ್ ಭಾಗವೇ ಇಲ್ಲವಾಗಿತ್ತು. ಕಾಲಿನ ಸುತ್ತ ಉಕ್ಕಿನ ಬಳೆಗಳು, ಬಳೆಯಿಂದ ಬಳೆಗೆ ಕಂಬಿಗಳು, ಚರ್ಮವನ್ನು ತೂರಿ ಮೂಳೆಗೆ ಹೋದ ತಂತಿಗಳು. ಮೊದಲ ದಿನ ನೋಡಿದ ಅತ್ತಿಗೆ ತಲೆ ಸುತ್ತಿ ಕುಳಿತುಬಿಟ್ಟರು. ರಷ್ಯಾದ ಸೈಬೀರಿಯಾದಲ್ಲಿ, ಕುರ್ಗಾನ್ ಎಂಬ ಊರಿನಲ್ಲಿ, ಇಲಿಜಾರೋವ್ ಎಂಬ ವೈದ್ಯ 1950ರ ದಶಕದಲ್ಲಿ ರೂಪಿಸಿದ ವಿಧಾನವಂತೆ.

ಒಳ್ಳೆಯ ಮೂಳೆಯನ್ನೇ ಒಂದು ಕಡೆ ಹದವಾಗಿ ಕತ್ತರಿಸಿ, ವಾರ ಬಿಟ್ಟು, ಕತ್ತರಿಸಿದ ತುದಿಗಳು ಮೆಲ್ಲಗೆ ದೂರ ಸರಿಯುವಂತೆ ಕಂಬಿಗಳ ನಟ್ಟುಗಳನ್ನು ತಿರುಗಿಸಲು ಹೇಳಿದರು. ಬೆಳಿಗ್ಗೆ ಆರಕ್ಕೆ, ಹನ್ನೆರಡಕ್ಕೆ, ಸಂಜೆ ಆರಕ್ಕೆ, ಮಲಗುವ ಮುನ್ನ, ಸಲಕ್ಕೆ ಕಾಲು ಮಿಲಿಮೀಟರ್. ದಿನಕ್ಕೆ ಒಂದು ಮಿಲಿಮೀಟರ್. ಹತ್ತು ನಂಬರ್ ಸ್ಪ್ಯಾನರ್ ನನ್ನ ಕೈಯಲ್ಲಿ. ಬೇಗ ತಿರುಗಿಸಿದರೆ ನಡುವೆ ಮೂಳೆಯ ಬದಲು ನಾರು ತುಂಬುತ್ತದೆ, ತಡ ಮಾಡಿದರೆ ಅವಧಿಗೆ ಮೊದಲೇ ಕೂಡಿ ಬಿಗಿಯುತ್ತದೆ ಎಂದು ಎಚ್ಚರಿಸಿದ್ದರು. ಲಾರಿಯ ನಟ್ಟನ್ನು ಕಾಲಿನಿಂದ ಒದ್ದು ಬಿಗಿದ ನಾನು ಈ ನಟ್ಟನ್ನು ತಿರುಗಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದೆ. ನಲವತ್ತು ದಿನಕ್ಕೆ ನಾಲ್ಕು ಸೆಂಟಿಮೀಟರ್ ಆಯಿತು. ಎಕ್ಸ್‌ರೇಯಲ್ಲಿ ಆ ಜಾಗ ಮೊದಲು ಖಾಲಿ ಕಂಡಿತು, ಆಮೇಲೆ ಉದ್ದುದ್ದ ಬಿಳಿ ಎಳೆಗಳು, ಮಗ್ಗಕ್ಕೆ ಹಾಸು ಹಾಕಿದಂತೆ. ಅದು ಗಟ್ಟಿಯಾಗುವ ತನಕ ಬಳೆಗಳನ್ನು ಬಿಚ್ಚದೆ ಇನ್ನೂ ನಾಲ್ಕು ತಿಂಗಳು ಕಾಯಬೇಕಾಯಿತು. ಬೀಡಿ ಬಿಡದಿದ್ದರೆ ಕೂಡುವುದು ತಡವಾಗುತ್ತದೆ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರಿಂದ ಬೀಡಿಯೂ ಹೋಯಿತು.

ಬೋರ್‌ವೆಲ್ ನೀರು, ಜಗಳೂರು

ಇಷ್ಟೆಲ್ಲ ಚರ್ಚೆಯಲ್ಲಿ ನಮ್ಮ ಭಾಗದ ಮೂಳೆಯ ಕಷ್ಟವನ್ನು ಯಾರೂ ಎತ್ತಲಿಲ್ಲ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಗ್ರಾನೈಟ್ ಜಾತಿಯ ಬಂಡೆಗಳಲ್ಲಿರುವ ಖನಿಜಗಳಿಂದ ಅದು ನೀರಿಗಿಳಿಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಮಿತಿ. ಮೀರಿದ ನೀರನ್ನು ಹಲವು ವರ್ಷ ಕುಡಿದವರಲ್ಲಿ ಫ್ಲೋರೈಡ್ ಮೂಳೆಯ ಹರಳಿನೊಳಗೆ ಸೇರಿಕೊಳ್ಳುತ್ತದೆ, ಮೂಳೆ ಕಟ್ಟುವ ಕೋಶಗಳನ್ನೂ ಕೆಣಕುತ್ತದೆ. ಮೂಳೆ ಹೆಚ್ಚಾಗುತ್ತದೆ, ಗುಣ ಕಡಿಮೆಯಾಗುತ್ತದೆ. ಎಕ್ಸ್‌ರೇಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ, ಬಿದ್ದರೆ ಮುರಿಯುತ್ತದೆ.

ನಮ್ಮ ಅಜ್ಜ ಪಕ್ಕದಲ್ಲಿ ಕರೆದವರನ್ನು ನೋಡಲು ಇಡೀ ಮೈಯನ್ನು ತಿರುಗಿಸುತ್ತಿದ್ದರು, ಕತ್ತು ತಿರುಗುತ್ತಿರಲಿಲ್ಲ. ಮೂಳೆಯಾಗಬಾರದ ಕಡೆ, ಬೆನ್ನಿನ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳಲ್ಲಿ, ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆಯಲ್ಲಿ, ಸುಣ್ಣ ಕಟ್ಟುವುದು ಈ ರೋಗದ ಲಕ್ಷಣ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿರುವ ಮಕ್ಕಳಿಗಾದರೆ ಬೆಳವಣಿಗೆಯ ಹೊತ್ತಿನಲ್ಲಿ ಮಂಡಿಗಳು ಒಳಕ್ಕೆ ಬಾಗುತ್ತವೆ. ನೀರನ್ನು ಕುದಿಸಿದರೆ ಸರಿಹೋಗುತ್ತದೆ ಎಂದು ನಂಬಿದವರು ಇಂದಿಗೂ ಇದ್ದಾರೆ. ಕುದಿಸಿದರೆ ನೀರು ಆವಿಯಾಗಿ ಉಳಿದದ್ದರಲ್ಲಿ ಫ್ಲೋರೈಡ್ ಇನ್ನಷ್ಟು ದಟ್ಟವಾಗುತ್ತದೆ. ಮಳೆನೀರು, ಕೆರೆ ಅಥವಾ ಜಲಾಶಯದ ನೀರು, ಕೆಲಸ ಮಾಡುವ ಶುದ್ಧ ನೀರಿನ ಘಟಕ ಇವೇ ದಾರಿ. ಕೆಟ್ಟು ನಿಂತ ಘಟಕಗಳ ಮಾತು ಬೇರೆ ಚರ್ಚೆಗಿರಲಿ.

ರಾಗಿಮುದ್ದೆ, ಹೊಸದುರ್ಗ

ಮಂಗರವಳ್ಳಿ ಚಟ್ನಿ ಮತ್ತು ರಾಗಿ ತಿಂದರೆ ಮುರಿದ ಮೂಳೆ ಬೇಗ ಕೂಡುತ್ತದೆಯೇ? ನಮ್ಮ ಮನೆಯಲ್ಲಿ ಯಾರಿಗೆ ಏನು ಮುರಿದರೂ ಇವೆರಡೇ ಮದ್ದು.

ನಿವೃತ್ತ ಅಂಗರಚನಾ ಬೋಧಕ, ದಾವಣಗೆರೆ

ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಅಲ್ಪ ಭಾಗವೂ ಇಲ್ಲ. ಆದ್ದರಿಂದ ಮುದ್ದೆಯನ್ನು ಮೂಳೆ ಮುರಿಯುವ ಮೊದಲೇ, ಬೆಳೆಯುವ ಮಕ್ಕಳಿಗೆ ದಿನವೂ ಕೊಡಿರಿ. ಸರಿಯಾಗಿ ಉಣ್ಣುವವನಿಗೆ ಮುರಿದ ಮೇಲೆ ಹೆಚ್ಚುವರಿ ಕ್ಯಾಲ್ಸಿಯಂ ಕೊಟ್ಟರೆ ಕೂಡುವ ವೇಗ ಹೆಚ್ಚುವುದಿಲ್ಲ. ಮೇಸ್ತ್ರಿ ನಿಧಾನವಿದ್ದಾಗ ಸಿಮೆಂಟ್ ಮೂಟೆ ಹೆಚ್ಚು ತಂದು ಹಾಕಿದಂತೆ. ಮಂಗರವಳ್ಳಿಯನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿದ್ದಾರೆ, ಚಟ್ನಿಯಾಗಿ ತಿನ್ನಲು ಅಡ್ಡಿಯೇನಿಲ್ಲ. ಸಿಮೆಂಟ್ ಪಟ್ಟಿಯ ಬದಲಿಗೆ ಅದನ್ನು ನಂಬಬೇಡಿರಿ. ಕರುಳು ಕ್ಯಾಲ್ಸಿಯಂ ಹೀರಿಕೊಳ್ಳಲು ವಿಟಮಿನ್ ಡಿ ಬೇಕು, ಅದು ಹುಟ್ಟುವುದು ಚರ್ಮದ ಮೇಲೆ ನೇರವಾಗಿ ಬಿದ್ದ ಬಿಸಿಲಿನಿಂದ. ಕಿಟಕಿಯ ಗಾಜಿನ ಮೂಲಕ ಬಂದ ಬಿಸಿಲು ಸಾಲದು, ಬೇಕಾದ ಕಿರಣವನ್ನು ಗಾಜೇ ತಡೆಯುತ್ತದೆ.

ಮಕ್ಕಳ ಎತ್ತರದ ಬಗ್ಗೆ ಖಾಸಗಿಯಾಗಿ ಕೇಳಿದವರಿಗೂ ಇಲ್ಲಿಯೇ ಉತ್ತರಿಸುತ್ತೇನೆ. ಬೆಳವಣಿಗೆಯ ಪಟ್ಟಿಯನ್ನು ಕೊನೆಗೆ ಮುಚ್ಚುವುದು ಹೆಣ್ಣಿನ ಹಾರ್ಮೋನು ಎಂದು ಹೆಸರಾದ ಈಸ್ಟ್ರೋಜೆನ್, ಹುಡುಗರಲ್ಲಿಯೂ ಅದೇ. ಆ ಹಾರ್ಮೋನಿಗೆ ದೇಹ ಸ್ಪಂದಿಸದ ಗಂಡಸೊಬ್ಬನ ಪಟ್ಟಿಗಳು ಇಪ್ಪತ್ತೆಂಟು ವರ್ಷವಾದರೂ ಮುಚ್ಚದೆ ಅವನು ಬೆಳೆಯುತ್ತಲೇ ಇದ್ದುದನ್ನು 1994ರಲ್ಲಿ ವರದಿ ಮಾಡಿದ ಮೇಲೆ ಇದು ಖಚಿತವಾಯಿತು. ಪಟ್ಟಿ ಮುಚ್ಚಿದ ನಂತರ ಯಾವ ಪುಡಿಯಿಂದಲೂ ಎತ್ತರ ಹೆಚ್ಚುವುದಿಲ್ಲ.

ಹೈಸ್ಕೂಲ್ ಮೇಷ್ಟ್ರು, ದಾವಣಗೆರೆ

ಆರು ತಿಂಗಳ ನಂತರ ಬರೆಯುತ್ತಿದ್ದೇನೆ. ಐದನೆಯ ವಾರದಲ್ಲಿ ಸಿಮೆಂಟ್ ಪಟ್ಟಿ ತೆಗೆದರು. ಬೋಧಕರು ಹೇಳಿದ್ದ ಉಬ್ಬು ಕೈಗೆ ಸಿಗುತ್ತಿತ್ತು, ಈಗ ಹುಡುಕಿದರೂ ಸಿಗುವುದಿಲ್ಲ. ತಾಯಿ ದಿನವೂ ಬೆಳಿಗ್ಗೆ ಮನೆಯ ಮುಂದಿನ ರಸ್ತೆಯಲ್ಲಿ ಎರಡು ಸುತ್ತು ನಡೆಯುತ್ತಾರೆ. ಹೋದ ಗ್ಯಾಪ್ ಮರಳಿ ಬಂದಿಲ್ಲ, ಏಳುವಾಗ ಗೋಡೆ ಹಿಡಿಯುವುದು ಮಾತ್ರ ತಪ್ಪಿದೆ.

ನಿನ್ನೆ ಹೊಸ ಎಕ್ಸ್‌ರೇ ಆಯಿತು. ಕಪ್ಪು ಗೆರೆ ಇದ್ದಲ್ಲೇ ಇದೆ. ಅದರಿಂದ ಸ್ವಲ್ಪ ಹಿಂದೆ, ಅದಕ್ಕೆ ಸರಿಸಮಾನಾಂತರವಾಗಿ, ಕೂದಲೆಳೆಯಂಥ ಒಂದು ಬಿಳಿ ಗೆರೆ ಹೊಸದಾಗಿ ಕಾಣುತ್ತಿದೆ. ಬಿದ್ದ ಪೆಟ್ಟಿಗೆ ಬೆಳವಣಿಗೆ ಕೆಲವು ದಿನ ನಿಂತು ಮತ್ತೆ ಹೊರಟಾಗ ಉಳಿದ ಗುರುತು ಅದಂತೆ. ಪಟ್ಟಿಯ ಯಾವುದಾದರೂ ಒಂದು ಕಡೆ ಬೆಳವಣಿಗೆ ಸತ್ತಿದ್ದರೆ ಗೆರೆ ಓರೆಯಾಗಿ ಆ ಕಡೆ ಪಟ್ಟಿಯನ್ನು ಮುಟ್ಟುತ್ತಿತ್ತು, ಸಮಾನಾಂತರವಾಗಿರುವುದರಿಂದ ಇನ್ನು ಚಿಂತೆಯಿಲ್ಲ ಎಂದು ಡಾಕ್ಟರು ಹೇಳಿದರು.

ನನ್ನ ಹೆಂಡತಿ ಈ ಸಲವೂ ಹಾಳೆಯನ್ನು ಕಿಟಕಿಗೆ ಹಿಡಿದಳು. ಅವಳು ಕೇಳುವ ಮೊದಲೇ ಮಗ ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲು ತಂದು ಎರಡು ಗೆರೆಗಳ ನಡುವೆ ಇಟ್ಟು ಅಳೆದ. ನಾಲ್ಕು ಮಿಲಿಮೀಟರ್ ಇತ್ತು.